ಆವರೇಜ್ ಹುಡುಗ, ಡಲ್ ಹುಡುಗಿ: ಬುದ್ಧಿಗೆ ಇಂಗ್ಲಿಶ್ ಇಟ್ಟ ಹೆಸರುಗಳು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಡ್ಡಿರಾಂಪುರದಂಥ ಊರಿಗೆ ಇಂಗ್ಲಿಶ್ ಎರಡು ಕಡೆಯಿಂದ ಬರುತ್ತದೆ. ಒಂದು, ಹಂಪಿ ನೋಡಲು ಬಂದವರ ಬಾಯಿಂದ. ಹೌ ಮಚ್, ಲಾಸ್ಟ್ ಪ್ರೈಸ್, ನೋ ಚೇಂಜ್ ಎಂಬ ಈ ಇಂಗ್ಲಿಶಿನಿಂದ ಯಾರಿಗೂ ನೋವಿಲ್ಲ. ಇನ್ನೊಂದು ಬರುವುದು ಶಾಲೆಯಿಂದ. ಪಾಲಕರ ಸಭೆಯಲ್ಲಿ “ನಿಮ್ಮ ಹುಡುಗ ಆವರೇಜ್ ರೀ”, “ಮ್ಯಾತ್ಸ್‌ನಾಗ ಸ್ವಲ್ಪ ಡಲ್” ಎಂದರೆ ತಾಯಿ ತಲೆಯಾಡಿಸಿ ಎದ್ದು ಬರುತ್ತಾಳೆ. ‘ದಡ್ಡ’ ಎಂದಿದ್ದರೆ ಆಕೆ ಜಗಳಕ್ಕೇ ನಿಲ್ಲುತ್ತಿದ್ದಳೇನೋ. ಇಂಗ್ಲಿಶಿನಲ್ಲಿ ಹೇಳಿದ್ದು ವೈದ್ಯರ ಚೀಟಿಯಷ್ಟು ಖಚಿತವೆಂದು ಕೇಳಿಸುತ್ತದೆ. ಆ ಖಚಿತತೆ ಎಷ್ಟು ನಿಜ?

ಬುದ್ಧಿವಂತರನ್ನು ಕರೆಯಲು ಇಂಗ್ಲಿಶಿನಲ್ಲಿ ಬೇಕಾದಷ್ಟು ಮಾತುಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬ್ರೈಟ್ ಎಂದು ಹಿರಿಯರು ಕಿರಿಯರನ್ನು ಹೊಗಳುತ್ತಾರೆ. ಎಪ್ಪತ್ತರ ಅಜ್ಜನಿಗೆ ಅದು ಸಲ್ಲದು. ಅವರಿಗೆ ವೈಸ್ ಬೇಕು, ಅದರಲ್ಲಿ ವಯಸ್ಸೂ ಅನುಭವವೂ ಸೇರಿವೆ. ಕ್ಲೆವರ್ ಎನ್ನುವಾಗ ಕೆಲವೊಮ್ಮೆ ಅನುಮಾನದ ಎಳೆಯಿರುತ್ತದೆ. ನಮ್ಮ ಕಡೆ ದನಿ ಎಳೆದು “ಭಾಳ ಶಾಣ್ಯಾ ಅದಾನ” ಎಂದ ಹಾಗೆ. ಸ್ಮಾರ್ಟ್ ಎಂದರೆ ಅಮೆರಿಕದವರಿಗೆ ಬುದ್ಧಿ, ಇಂಗ್ಲೆಂಡಿನಲ್ಲಿ ಅಚ್ಚುಕಟ್ಟಾದ ಉಡುಪೂ ಹೌದು. ನಮ್ಮಲ್ಲಿ ಸ್ಮಾರ್ಟ್ ಹುಡುಗ ಎಂದರೆ ಇಸ್ತ್ರಿ ಅಂಗಿ, ಸ್ಮಾರ್ಟ್ ಕ್ಲಾಸ್ ಎಂದರೆ ಗೋಡೆಗೆ ತೂಗುಹಾಕಿದ ಟೀವಿ.

ಇವೆಲ್ಲ ವ್ಯಕ್ತಿಗೆ ಅಂಟುವ ಮಾತುಗಳು. ಕಲಿಕೆಗೆ ಬೇರೆ ಮಾತುಗಳಿವೆ. ಸ್ಟಡಿ ಎಂದರೆ ಕೂತು ಓದುವ ಶ್ರಮ, ಲರ್ನ್ ಎಂದರೆ ಅದು ತಲೆಗೆ ಹತ್ತುವುದು, ಬೈಹಾರ್ಟ್ ಎಂದರೆ ಉರುಹೊಡೆಯುವುದು. ಇವು ಇವತ್ತಿನ ಕೆಲಸವನ್ನು ಹೇಳುತ್ತವೆ, ನಾಳೆ ಬದಲಾಗಬಹುದು. ತೊಂದರೆ ಹುಟ್ಟುವುದು ಕೆಲಸದ ಮಾತು ಮಗುವಿನ ಹೆಸರೇ ಆಗಿಬಿಟ್ಟಾಗ. ‘ಭಿನ್ನರಾಶಿ ಇನ್ನೂ ಬಂದಿಲ್ಲ’ ಎಂಬುದು ‘ಡಲ್’ ಆಗುವುದಕ್ಕೆ ಒಂದು ಕಿರುಪರೀಕ್ಷೆ ಸಾಕು.

ವಿಜ್ಞಾನದಲ್ಲೂ ಇದೇ ಆಯಿತು. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ, ಥಿಯೋಡರ್ ಸಿಮೊನ್ ಜೊತೆಗೂಡಿ ಬುದ್ಧಿ ಅಳೆಯುವ ಪ್ರಶ್ನೆಗಳನ್ನು ಸಿದ್ಧಪಡಿಸಿದ. ಯಾವ ಮಗುವಿಗೆ ಶಾಲೆಯಲ್ಲಿ ಹೆಚ್ಚಿನ ನೆರವು ಬೇಕು ಎಂದು ಗುರುತಿಸುವುದು ಅವನ ಉದ್ದೇಶ. ಬುದ್ಧಿ ಹುಟ್ಟಿನಿಂದಲೇ ಗಟ್ಟಿಯಾಗಿ ನಿಂತದ್ದು ಎಂಬ ಮಾತನ್ನು ಅವನು ಒಪ್ಪಲಿಲ್ಲ. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿದ. ಮುಂದೆ ಅದನ್ನು 100ರಿಂದ ಗುಣಿಸಿ ಐಕ್ಯೂ ಎಂದರು. ಹತ್ತು ವರ್ಷದ ಮಗು ಎಂಟರ ಮಗುವಿನಂತೆ ಉತ್ತರಿಸಿದರೆ 80. ಅಮೆರಿಕದ ಹೆನ್ರಿ ಗಾಡರ್ಡ್ 1910ರಲ್ಲಿ ಮೋರಾನ್ ಎಂಬ ಹೊಸ ಪದವನ್ನೇ ಕಟ್ಟಿದ. ಈಡಿಯಟ್, ಇಂಬೆಸಿಲ್, ಮೋರಾನ್ ಮೂರೂ ಆಗ ವೈದ್ಯರ ವರ್ಗೀಕರಣ, ಈಗ ಬೀದಿಜಗಳದ ಬೈಗುಳ. ನಮ್ಮ ಕಾನೂನೂ ಮಾತು ಬದಲಿಸಿದೆ: 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ಮೆಂಟಲ್ ರಿಟಾರ್ಡೇಶನ್ 2016ರ ಕಾಯ್ದೆಯಲ್ಲಿ ಇಂಟೆಲೆಕ್ಚುವಲ್ ಡಿಸೆಬಿಲಿಟಿ ಆಯಿತು, ಓದು, ಬರಹ, ಲೆಕ್ಕದ ನಿರ್ದಿಷ್ಟ ಕಲಿಕಾ ನ್ಯೂನತೆಗೂ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಈ ಅಳತೆ ಕನ್ನಡಕ್ಕೆ ಬೇಗನೆ ಬಂತು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ವಿ. ವಿ. ಕಾಮತ್ 1930ರ ದಶಕದಲ್ಲಿ ಬಿನೆಯ ಪ್ರಶ್ನೆಗಳನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಪರದೇಶದ ಮಗು ದಿನಾ ಕಾಣುವ ವಸ್ತುವನ್ನು ನಮ್ಮ ಮಗು ಕಂಡೇ ಇರದಿದ್ದರೆ, ತಪ್ಪುವುದು ಬುದ್ಧಿಯಲ್ಲ, ಪ್ರಶ್ನೆ. ಬಿನೆ–ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಪ್ರಶ್ನೆ ಕೇಳುವ ರೀತಿಯಿಂದಲೂ ಮಗು ಜಾಣನೋ ದಡ್ಡನೋ ಆಗುತ್ತದೆ. ಬ್ರೆಜಿಲ್ಲಿನ ರೆಸಿಫೆ ನಗರದಲ್ಲಿ ಬೀದಿವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳ ಲೆಕ್ಕವನ್ನು ಪರೀಕ್ಷಿಸಿದ ವರದಿ 1985ರಲ್ಲಿ ಬಂತು. ಗಿರಾಕಿಯಾಗಿ ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅದೇ ಲೆಕ್ಕ ಬರೀ ಅಂಕಿಗಳಾಗಿ ಮುಂದೆ ಬಂದಾಗ 37. ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿತು. ಶಾಲೆಗಷ್ಟೇ ಹೋಗುವ ಮಕ್ಕಳ ಕಥೆ ತಿರುಗಾಮುರುಗಾ: ಪುಸ್ತಕದ ಲೆಕ್ಕ ಬರುತ್ತದೆ, ಅಂಗಡಿಯ ಲೆಕ್ಕ ತಪ್ಪುತ್ತದೆ. ಹಂಪಿಯಲ್ಲಿ ಎಳನೀರು ಮಾರಿ, ಐನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಡುವ ಹುಡುಗನನ್ನು ‘ಮ್ಯಾತ್ಸ್‌ನಾಗ ವೀಕ್’ ಎನ್ನುವ ಮೊದಲು ಇದನ್ನು ನೆನೆಯಬೇಕು. ಸಂತೆಯ ಲೆಕ್ಕವೇ ಸಾಕು, ಶಾಲೆ ಬೇಡ ಎಂದು ಇದರ ಅರ್ಥವಲ್ಲ. ಅಲ್ಲಿಂದ ಇಲ್ಲಿಗೆ ದಾಟಿಸುವುದು ಮೇಷ್ಟ್ರ ಕೆಲಸ.

ಹೆಸರಿಡುವ ವಿಷಯದಲ್ಲಿ ನಮ್ಮ ಸರ್ಕಾರಿ ಶಾಲೆಯ ನಲಿಕಲಿ ಎಂಬ ಕಲಿಕಾ ಪದ್ಧತಿ ಹೆಚ್ಚು ವಿವೇಕದ್ದು ಎಂದು ನನ್ನ ಅನಿಸಿಕೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಇದರಲ್ಲಿ ಕಲಿಕೆಯ ಏಣಿಯಿದೆ, ಮೈಲಿಗಲ್ಲುಗಳಿವೆ. ಮಕ್ಕಳು ಕೂರುವ ಗುಂಪುಗಳಿಗೆ ಶಿಕ್ಷಕರ ನೆರವು, ಸಹಪಾಠಿಯ ನೆರವು, ಸ್ವಕಲಿಕೆ ಎಂಬಂಥ ಹೆಸರುಗಳು. ಯಾವ ಗುಂಪಿಗೂ ಡಲ್ ಎಂಬ ಹೆಸರಿಲ್ಲ. ಅನುಷ್ಠಾನದಲ್ಲಿ ಕೊರತೆಗಳಿರಬಹುದು, ಹೆಸರಿಟ್ಟದ್ದು ಮಾತ್ರ ಸರಿ.

ಮುಂದಿನ ಸಭೆಯಲ್ಲಿ ಯಾರಾದರೂ ನಿಮ್ಮ ಮಗುವನ್ನು ಡಲ್, ಸ್ಲೋ ಎಂದರೆ ಸುಮ್ಮನೆ ಎದ್ದು ಬರಬೇಡಿ. ಯಾವ ಪಾಠದಲ್ಲಿ, ಯಾವಾಗಿನಿಂದ, ಹಿಂದಿನ ಬೆಂಚಿನಿಂದ ಬೋರ್ಡು ಕಾಣುತ್ತದೆಯೇ ಎಂದು ಕೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲೆಯ ಮಕ್ಕಳ ಕಣ್ಣು, ಕಿವಿ, ಕಲಿಕೆಯ ತೊಂದರೆಗಳನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಆ ತಂಡ ಶಾಲೆಗೆ ಬರುವ ದಿನ ಯಾವುದೆಂದು ಮುಖ್ಯೋಪಾಧ್ಯಾಯರನ್ನು ಕೇಳಿ ತಿಳಿದುಕೊಳ್ಳಿ.