ಮತ್ತೆ ಹಾಯಿ ಬಿಚ್ಚುವ ಹೊತ್ತು

ಪಯಣದ ಆರಂಭವನ್ನು ಕವಿಗಳು ಬಗೆಬಗೆಯಾಗಿ ಹಾಡಿದ್ದಾರೆ. ಗುರಿ ಸೇರಿದವರ ಹರ್ಷವನ್ನೂ ಹಾಡಿದ್ದಾರೆ. ನಡುವೆ ತಿಂಗಳುಗಟ್ಟಲೆ ತಂಗಿದ್ದು ಮತ್ತೆ ಹೊರಡುವವನ ಪಾಡು ಮಾತ್ರ ಸಾಹಿತ್ಯದ ಕಣ್ಣಿಗೆ ಬಿದ್ದುದು ಕಡಮೆ. ಅದನ್ನು ಚೆನ್ನಾಗಿ ಬಲ್ಲವರು ನಮ್ಮ ಪಡುಗಡಲ ತೀರದ ಹಾಯಿಹಡಗಿನ ನಾವಿಕರು.

ಜೂನ್ ತಿಂಗಳಲ್ಲಿ ನೈಋತ್ಯ ಮಾರುತ ಎದ್ದಿತೆಂದರೆ ಈ ಕಡಲು ತಾನಾಗಿಯೇ ಬಾಗಿಲು ಮುಚ್ಚುತ್ತದೆ. ಅದು ಇಳಿಯುವ ತನಕ ಪತ್ತೆಮಾರಿಗಳಿಗೂ ಮಂಜಿಗಳಿಗೂ ನದೀಮುಖವೇ ಆಶ್ರಯ. ಗಾಳಿಯ ಕಾಲ ತಪ್ಪಿದರೆ ರಾಜದೂತನೂ ಕಾಯಬೇಕು. 1442ರಲ್ಲಿ ಹೆರಾತಿನಿಂದ ಹೊರಟ ಅಬ್ದುಲ್ ರಜಾಕ್, ಕಾಲ ಮೀರಿತೆಂಬ ಕಾರಣಕ್ಕೆ ಅರಬೀ ತೀರದಲ್ಲಿ ತಿಂಗಳುಗಳನ್ನು ಕಳೆಯಬೇಕಾಯಿತು. ಅವನು ಮಂಗಳೂರಿನ ಮಾರ್ಗವಾಗಿ ವಿಜಯನಗರವನ್ನು ಕಂಡುದು 1443ರಲ್ಲಿ.

ತಂಗುವುದೆಂದರೆ ಸುಮ್ಮನಿರುವುದೆಂದು ನಾವು ಎಣಿಸುತ್ತೇವೆ. ಹಡಗಿನ ಮಟ್ಟಿಗೆ ಅದು ಸಲ್ಲದು. ನೀರಿನಲ್ಲಿಯೇ ಬಿಟ್ಟರೆ ಮರ ಕೊರೆಯುವ ಹುಳುಗಳು ಹಲಗೆಯನ್ನು ಒಳಗಿನಿಂದ ತಿನ್ನುತ್ತವೆ. ದಡಕ್ಕೆಳೆದು ಮಡಲು ಹೊದಿಸಿಟ್ಟರೆ ಹಲಗೆಗಳು ಕುಗ್ಗಿ ಸಂದುಗಳು ಬಾಯ್ದೆರೆಯುತ್ತವೆ. ಆದುದರಿಂದ ಹೊರಡುವ ಮುನ್ನ ಸಂದುಸಂದಿಗೂ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ತುರುಕಬೇಕು. ಅಡಿಗೆ ಸುಣ್ಣ ಕೊಬ್ಬುಗಳ ಮಿಶ್ರಣವನ್ನೂ ಮೇಲ್ಮೈಗೆ ಮೀನೆಣ್ಣೆಯನ್ನೂ ಬಳಿಯಬೇಕು. ಇಷ್ಟಾದರೂ ನೀರಿಗಿಳಿದ ಮೊದಲ ದಿನಗಳಲ್ಲಿ ಹಡಗು ಸೋರುತ್ತದೆ. ಹಲಗೆಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಬಿಗಿದುಕೊಂಡ ಮೇಲೆಯೇ ಅದು ಕಡಲಿಗೆ ತಕ್ಕುದಾಗುವುದು. ಯಾವ ನೀರನ್ನು ಹೊರಗಿಡಬೇಕೋ ಅದೇ ನೀರು ಬಿರುಕನ್ನು ಮುಚ್ಚಬೇಕು!

ಶ್ರಾವಣದ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುತ್ತಾರೆ. ಈ ಪೂಜೆಯ ಹಿಂದೆ ಭಕ್ತಿಯೊಡನೆ ಭಯವೂ ಇದೆ. ಭಯಕ್ಕೆ ಕಾರಣ ಅಳಿವೆ. ನೇತ್ರಾವತಿ ಫಲ್ಗುಣಿಗಳು ಕಡಲು ಸೇರುವ ಮಂಗಳೂರಿನ ಅಳಿವೆಯಲ್ಲಿ ಮಳೆಗಾಲದ ಪ್ರವಾಹವೂ ತೆರೆಗಳೂ ಮರಳನ್ನು ಸ್ಥಳಾಂತರಿಸುತ್ತವೆ. ಹೋದ ವರುಷದ ದಾರಿ ಈ ವರುಷವೂ ಇದ್ದೀತೆಂಬ ಭರವಸೆಯಿಲ್ಲ. ಆಳವನ್ನು ಅಳೆಯುತ್ತ, ಉಬ್ಬರವನ್ನು ಕಾಯುತ್ತ, ದಾರಿಯನ್ನು ಹೊಸದಾಗಿ ಕಂಡುಕೊಳ್ಳಬೇಕು. ತಪ್ಪಿದರೆ ದಡದವರ ಕಣ್ಣೆದುರಿಗೇ ಹಡಗು ಮುರಿಯುತ್ತದೆ.

ಅಳಿವೆಯನ್ನು ದಾಟಿದವನಿಗೆ ಎರಡು ಗಾಳಿಗಳು ನೆರವಾಗುತ್ತವೆ. ಇರುಳು ನೆಲ ಬೇಗನೆ ತಣಿಯುವುದರಿಂದ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಗಲು ನೆಲ ಬೇಗನೆ ಕಾಯುವುದರಿಂದ ಕಡಲಿಂದ ನೆಲಕ್ಕೆ. ಬಡಗಲಿಗೆ ಹೋಗುವವನು ಮುಂಜಾವಿನ ಮುನ್ನ ನೆಲಗಾಳಿಯಲ್ಲಿ ಹೊರಗೆ ಸರಿದು, ಮಧ್ಯಾಹ್ನದ ಕಡಲಗಾಳಿಯಲ್ಲಿ ಓರೆಯಾಗಿ ತೀರದತ್ತ ಮರಳುವನು. ಹೀಗೆ ಅಂಕುಡೊಂಕಾಗಿ ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳನ್ನು ದಾಟಬೇಕು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಹೆಂಚು ಮುಂಬಯಿಯ ಮಾಡುಗಳಿಗೆ ಏರಿದುದು ಈ ಎರಡು ಗಾಳಿಗಳ ದಯೆಯಿಂದ.

ಈಗ ಮಂಜಿಗಳಿಗೆ ಯಂತ್ರ ಬಂದಿದೆ. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳಿಗೆ ಮಳೆಗಾಲವೂ ಅಡ್ಡಿಯಲ್ಲ. ಯಂತ್ರದ ದೋಣಿಗಳ ಮೀನುಗಾರಿಕೆಯನ್ನು ಜೂನ್ 1ರಿಂದ ಜುಲೈ 31ರವರೆಗೆ ತಡೆಯುವುದು ಸರಕಾರದ ಆಜ್ಞೆ. ಹಾಯಿಯ ದುಡಿಮೆಗೆ ಮರಳಿ ಹೋಗೆಂದು ನಾನು ಯಾರಿಗೂ ಹೇಳಲಾರೆ. ಅದು ಪ್ರಾಣವನ್ನು ಪಣವಿಟ್ಟ ದುಡಿಮೆ. ನನ್ನ ಚಿಂತೆ ಭಾಷೆಯದು. ಕಡಲಂಚಿನ ಮನೆಗಳಿಂದ ಬರುವ ನನ್ನ ವಿದ್ಯಾರ್ಥಿಗಳು ‘ತಂಡೇಲ’ ಎಂದರೆ ಯಾರೆಂಬುದನ್ನು ಬಲ್ಲರು. ಹಾಯಿಯ ಹಗ್ಗ ಒಂದೊಂದಕ್ಕೂ ಅಜ್ಜನ ಬಾಯಲ್ಲಿ ಇದ್ದ ಹೆಸರನ್ನು ಕೇಳಿದರೆ ಮೌನಿಗಳಾಗುತ್ತಾರೆ. ಅಂಥ ಹೆಸರುಗಳನ್ನು ಬಲ್ಲ ಮುದುಕರು ಊರಿಗೊಬ್ಬಿಬ್ಬರು ಉಳಿದಾರು. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ಅವರ ಬಳಿ ಕುಳಿತು ಬರೆದುಕೊಳ್ಳಲಿ. ದಡದಲ್ಲಿ ಬಹುಕಾಲ ಒಣಗಿದ ಹಲಗೆಯಂತೆ ಮಾತೂ ಬಿರುಕು ಬಿಡುತ್ತದೆ. ನಾಲಗೆಗಳ ಮೇಲೆ ಅದನ್ನು ಮತ್ತೆ ನೀರಿಗಿಳಿಸುವವರು ಬೇಕು.