ದತ್ತಾಂಶಭಂಡಾರಗಳೂ ಮುಕ್ತ ಮೂಲಪಾಠವೂ

೧

ಬರೆದಿಟ್ಟ ವಸ್ತುವು ಉಳಿದ ಮಾತ್ರಕ್ಕೆ ಬರೆಹವು ಉಳಿಯಿತೆಂದು ಹೇಳಲಾಗದು. ಸಿಂಧೂತೀರದ ಮುದ್ರೆಗಳು ಇಂದಿಗೂ ನಮ್ಮ ಕಣ್ಣೆದುರಿಗಿವೆ. ಅವುಗಳ ಮೇಲಣ ಚಿಹ್ನೆಗಳೂ ಸ್ಪಷ್ಟವಾಗಿವೆ. ಆದರೆ ಓದುವ ಕ್ರಮವು ಲುಪ್ತವಾದುದರಿಂದ ವಿದ್ವಾಂಸರೆಲ್ಲರೂ ಒಪ್ಪತಕ್ಕ ಅರ್ಥವು ಈವರೆಗೂ ದೊರೆತಿಲ್ಲ. ಶಿಲೆ, ತಾಮ್ರ, ಓಲೆಗಳಿಗೆ ಸಲ್ಲುವ ಈ ಮಾತು ಗಣಕಯಂತ್ರದ ಟೇಪುಗಳಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಓಲೆಗರಿಯನ್ನು ಓದಲು ಕಣ್ಣೂ ಲಿಪಿಭಾಷೆಗಳ ಜ್ಞಾನವೂ ಸಾಕು. ಟೇಪನ್ನು ಓದಲು ಯಂತ್ರವೂ ಬೇಕು, ಆ ಯಂತ್ರವನ್ನು ನಡೆಯಿಸುವ ತಂತ್ರಾಂಶವೂ ಬೇಕು. ತಂತ್ರಾಂಶವು ಒಬ್ಬ ವರ್ತಕನ ಗುಟ್ಟಾಗಿದ್ದಲ್ಲಿ, ಭಂಡಾರವು ನಮ್ಮದಾದರೂ ಬೀಗದ ಕೈ ಅವನದಾಗಿಯೇ ಉಳಿಯುವುದು.

ತಂತ್ರಾಂಶಕ್ಕೆ ಎರಡು ರೂಪಗಳುಂಟು. ಮನುಷ್ಯರು ಬರೆದು ಮನುಷ್ಯರೇ ಓದಿ ತಿದ್ದಬಹುದಾದುದು ಒಂದು. ಅದನ್ನು ಪರಿವರ್ತಿಸಿ ಯಂತ್ರಕ್ಕೆ ಒದಗಿಸಿದುದು ಇನ್ನೊಂದು. ಸೋರ್ಸ್ ಕೋಡ್ ಎಂದು ರೂಢಿಯಲ್ಲಿರುವ ಮೊದಲನೆಯದನ್ನು ಈ ಲೇಖನದಲ್ಲಿ ಮೂಲಪಾಠವೆಂದು ಕರೆದಿದೆ. ವರ್ತಕರು ಸಾಮಾನ್ಯವಾಗಿ ಮಾರುವುದು ಎರಡನೆಯದನ್ನು ಮಾತ್ರ. ಮೂಲಪಾಠವನ್ನು ಪ್ರಕಟಿಸಿ, ಅದನ್ನು ಬಳಸುವ, ತಿದ್ದುವ, ಹಂಚುವ ಹಕ್ಕನ್ನು ಎಲ್ಲರಿಗೂ ಕೊಡುವುದೇ ಓಪನ್ ಸೋರ್ಸ್ ಎಂಬ ಪದ್ಧತಿ. ಹಣಕ್ಕೆ ಮಾರುತ್ತಿದ್ದ ಸಂಗ್ರಹತಂತ್ರಾಂಶಗಳನ್ನು ಅವುಗಳ ಒಡೆಯರೇ ಹೀಗೆ ಬಿಚ್ಚಿಕೊಟ್ಟ ಪ್ರಸಂಗಗಳು ಕೆಲವು ಉಂಟು. ಅವುಗಳಲ್ಲೊಂದನ್ನು ಮುಖ್ಯವಾಗಿಟ್ಟುಕೊಂಡು, ಇನ್ನೆರಡರೊಡನೆ ಹೋಲಿಸಿ, ಇಂತಹ ಪ್ರಕಟನೆಯಿಂದ ಭಂಡಾರಕ್ಕೆ ಯಾವ ರಕ್ಷಣೆ ದೊರೆಯುವುದು, ಯಾವುದು ದೊರೆಯದು ಎಂಬುದನ್ನು ವಿಚಾರಿಸೋಣ.

೨

ಡಿಸ್ಕೆಂಬುದು ಸ್ವತಃ ಅಂಕೆ ಹಾಕಿದ ಗೂಡುಗಳ ಸಾಲಿದ್ದಂತೆ. ಯಾವ ಯಾವ ಗೂಡುಗಳು ಸೇರಿ ಯಾವ ಕಡತವಾಯಿತು, ಅದರ ಹೆಸರೇನು, ಒಡೆಯರಾರು ಎಂಬ ಲೆಕ್ಕವನ್ನಿಡುವುದು ಕಡತವ್ಯವಸ್ಥೆಯ ಕೆಲಸ. ಸಂಗ್ರಹತಂತ್ರಾಂಶವು ಈ ಲೆಕ್ಕವನ್ನು ಡಿಸ್ಕಿನಿಂದಾಚೆಗೆ ಟೇಪುಗಳವರೆಗೂ ವಿಸ್ತರಿಸುತ್ತದೆ. ಸ್ಯಾಮ್-ಕ್ಯೂಎಫ್‌ಎಸ್ ಎಂಬುದು ಈ ಎರಡು ಕೆಲಸಗಳನ್ನೂ ಒಟ್ಟಿಗೆ ಮಾಡುವ ತಂತ್ರಾಂಶ. ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಎಲ್‌ಎಸ್‌ಸಿ ಎಂಬ ಸಣ್ಣ ಸಂಸ್ಥೆಯು ಇದನ್ನು ನಿರ್ಮಿಸಿತು. ೨೦೦೧ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಆ ಸಂಸ್ಥೆಯನ್ನೇ ಕೊಂಡುಕೊಂಡಿತು.

ಇದರ ಕಾರ್ಯವನ್ನು ನಾಲ್ಕು ಭಾಗವಾಗಿ ತಿಳಿಯಬಹುದು. ಹೊಸ ಕಡತವು ಡಿಸ್ಕಿಗೆ ಬಂದು ಸ್ವಲ್ಪ ಹೊತ್ತು (ಬೇರೆ ಆಜ್ಞೆಯಿಲ್ಲದಿದ್ದರೆ ೪ ನಿಮಿಷ) ಬದಲಾಗದೆ ನಿಂತರೆ, ಅದು ಪ್ರತಿಮಾಡಲು ಯೋಗ್ಯವಾಗುತ್ತದೆ. ಒಂದರಿಂದ ನಾಲ್ಕರವರೆಗೆ ಪ್ರತಿಗಳನ್ನು ಟೇಪು ಮೊದಲಾದವುಗಳ ಮೇಲೆ ತೆಗೆಯಬಹುದು. ಇದು ಮೊದಲನೆಯ ಕೆಲಸ. ಡಿಸ್ಕು ಒಂದು ಮಿತಿಯನ್ನು ಮೀರಿ ತುಂಬಿದಾಗ, ಪ್ರತಿಯಾದ ಕಡತಗಳ ಒಡಲನ್ನು ಡಿಸ್ಕಿನಿಂದ ತೆರವುಮಾಡಿ, ಹೆಸರು ಮತ್ತು ವಿವರಗಳನ್ನು ಮಾತ್ರ ಉಳಿಸಿಕೊಳ್ಳುವುದು ಎರಡನೆಯದು. ಅಂತಹ ಕಡತವನ್ನು ಯಾರಾದರೂ ತೆರೆದರೆ ಟೇಪಿನಿಂದ ಅದನ್ನು ಮರಳಿ ತರುವುದು ಮೂರನೆಯದು. ಹಳತಾದ ಪ್ರತಿಗಳೇ ಹೆಚ್ಚಾಗಿ ಉಳಿದ ಟೇಪನ್ನು ಮತ್ತೆ ಬಳಕೆಗೆ ಅಣಿಗೊಳಿಸುವುದು ನಾಲ್ಕನೆಯದು. ಓದುವವನಿಗೆ ಇದಾವುದೂ ಕಾಣಿಸದು. ಕಡತವು ಬರುವುದು ತುಸು ತಡವಾದೀತು, ಅಷ್ಟೆ. ಹೀಗೆ ಚಿಕ್ಕದೊಂದು ಡಿಸ್ಕಿನ ಹಿಂದೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಟೇಪುಭಂಡಾರವು ಅಡಗಿರುವುದು.

ಇಲ್ಲಿ ಒಂದು ವಿಷಯವು ವಿಶೇಷವಾಗಿ ಗಮನಾರ್ಹವಾಗಿದೆ. ಸ್ಯಾಮ್ ತನ್ನ ಪ್ರತಿಗಳನ್ನು ಟೇಪಿನ ಮೇಲೆ ಬರೆಯುವುದು ಟಾರ್ ಎಂಬ ಸರ್ವವಿದಿತವಾದ ಕ್ರಮದಲ್ಲಿ. ಯುನಿಕ್ಸ್ ವರ್ಗದ ಗಣಕಯಂತ್ರಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಈ ಕ್ರಮವು ಯಾವ ಒಬ್ಬ ವರ್ತಕನ ಸೊತ್ತೂ ಅಲ್ಲ. ಆದುದರಿಂದ, ತಂತ್ರಾಂಶವೇ ಇಲ್ಲವಾದರೂ ಟೇಪುಗಳೂ ಅವನ್ನು ಓದುವ ಯಂತ್ರವೂ ಇದ್ದರೆ, ಶ್ರಮಪಟ್ಟಾದರೂ ಕಡತಗಳನ್ನು ಹೊರತೆಗೆಯಬಹುದು. ಯಾವ ಕಡತವು ಯಾವ ಟೇಪಿನಲ್ಲಿ ಎಲ್ಲಿದೆಯೆಂಬ ಸೂಚಿಯು ಮಾತ್ರ ಡಿಸ್ಕಿನ ಮೇಲಿರುತ್ತದೆ. ಅದರ ನಕಲನ್ನು ಪ್ರತ್ಯೇಕವಾಗಿ ಕಾಪಾಡದಿದ್ದರೆ ಲಕ್ಷಗಟ್ಟಲೆ ಕಡತಗಳ ನಡುವೆ ಬೇಕಾದುದನ್ನು ಹುಡುಕುವ ಕೆಲಸವು ದುಸ್ಸಾಧ್ಯವಾದೀತು.

೩

೨೦೦೮ರಲ್ಲಿ ಸನ್ ಸಂಸ್ಥೆಯು ಸ್ಯಾಮ್-ಕ್ಯೂಎಫ್‌ಎಸ್‌ನ ಮೂಲಪಾಠವನ್ನು ಪ್ರಕಟಿಸಿತು. ತನ್ನ ಸೋಲಾರಿಸ್ ಎಂಬ ಕಾರ್ಯಾಚರಣವ್ಯವಸ್ಥೆಯ ಬಹುಭಾಗವನ್ನು ೨೦೦೫ರಲ್ಲೇ ಅದು ಓಪನ್‌ಸೋಲಾರಿಸ್ ಎಂಬ ಹೆಸರಿನಿಂದ ಹೊರಗಿಟ್ಟಿದ್ದಿತು. ಹಣಕ್ಕೆ ಮಾರುತ್ತಿದ್ದುದನ್ನು ವರ್ತಕನು ಸುಮ್ಮನೆ ಕೊಡುವುದೇಕೆಂದು ವಾಚಕರು ಕೇಳಬಹುದು. ಸನ್ ಮುಖ್ಯವಾಗಿ ಯಂತ್ರಗಳನ್ನು ಮಾರುವ ಸಂಸ್ಥೆಯಾಗಿದ್ದಿತು. ೨೦೦೫ರಲ್ಲಿ ಟೇಪುಯಂತ್ರಗಳಿಗೆ ಹೆಸರಾದ ಸ್ಟೋರೇಜ್‌ಟೆಕ್ ಸಂಸ್ಥೆಯನ್ನೂ ಕೊಂಡಿದ್ದಿತು. ತಂತ್ರಾಂಶವು ಎಷ್ಟು ಹರಡಿದರೆ ಯಂತ್ರಗಳಿಗೂ ಸೇವೆಗೂ ಅಷ್ಟು ಗಿರಾಕಿ ದೊರೆಯುವುದೆಂಬ ಎಣಿಕೆಯು ಇಂತಹ ಸಂಸ್ಥೆಗೆ ಸಹಜವಾದುದು. ದಾನದಲ್ಲಿ ಸ್ವಾರ್ಥವು ಬೆರೆತಿದ್ದುದರಿಂದ ದಾನದ ಪ್ರಯೋಜನವೇನೂ ಕಡಿಮೆಯಾಗದು. ಆದರೆ ಸ್ವಾರ್ಥವು ಬೇರೆ ದಿಕ್ಕಿಗೆ ತಿರುಗಿದಾಗ ದಾನದ ಗತಿಯೇನೆಂಬುದನ್ನು ಮೊದಲೇ ಆಲೋಚಿಸಬೇಕಾಗುತ್ತದೆ.

ಆ ಕಾಲವು ಬೇಗನೆ ಬಂದಿತು. ೨೦೧೦ರ ಜನವರಿಯಲ್ಲಿ ಸನ್ ಸಂಸ್ಥೆಯು ಒರಾಕಲ್ ಸಂಸ್ಥೆಯ ವಶವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಓಪನ್‌ಸೋಲಾರಿಸ್ ಕಾರ್ಯವು ನಿಂತಿತು. ಒರಾಕಲ್ ಸಂಸ್ಥೆಯು ಸ್ಯಾಮ್-ಕ್ಯೂಎಫ್‌ಎಸ್‌ನ ಮುಂದಿನ ಆವೃತ್ತಿಗಳನ್ನು ಮುಚ್ಚಿದ ತಂತ್ರಾಂಶವಾಗಿಯೇ ಮಾರಿತು. ಕೆಲವು ಕಾಲದ ಮೇಲೆ ಅದರ ಹೆಸರನ್ನೂ ಬದಲಾಯಿಸಿತು. ಆದರೆ ಒಮ್ಮೆ ಪ್ರಕಟವಾದ ಪಾಠವನ್ನು ಹಿಂದೆಗೆದುಕೊಳ್ಳಲು ಯಾರಿಗೂ ಸಾಧ್ಯವಾಗಲಿಲ್ಲ. ವರ್ಸಿಟಿ ಎಂಬ ಬೇರೊಂದು ಸಂಸ್ಥೆಯು ಆ ಪಾಠವನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಲಿನಕ್ಸ್ ವ್ಯವಸ್ಥೆಗೆ ಹೊಂದಿಸಿತು. ಆಮೇಲೆ ಸ್ಕೌಟ್‌ಎಫ್‌ಎಸ್ ಎಂಬ ಹೊಸ ಕಡತವ್ಯವಸ್ಥೆಯನ್ನು ರಚಿಸಿ ಅದರ ಮೂಲಪಾಠವನ್ನೂ ಪ್ರಕಟಿಸಿತು. ೨೦೦೮ರ ಪ್ರಕಟನೆಯಿಲ್ಲದಿದ್ದರೆ ಈ ಸಂತತಿಗೆ ಅವಕಾಶವೇ ಇರುತ್ತಿರಲಿಲ್ಲವೆಂಬುದು ಸ್ಪಷ್ಟವಾಗಿದೆ.

೪

ಇನ್ನು ಹೋಲಿಕೆಗೆ ಬರೋಣ. ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯು ತನ್ನ ಯಂತ್ರಗಳಿಗಾಗಿ ೧೯೯೩ರಲ್ಲಿ ಆರಂಭಿಸಿದ ಎಕ್ಸ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯು ಮರುವರ್ಷ ಬಳಕೆಗೆ ಬಂದಿತು. ೧೯೯೯ರಲ್ಲಿ ಅದನ್ನು ಬಿಚ್ಚಿಕೊಡುವುದಾಗಿ ಆ ಸಂಸ್ಥೆಯು ಸಾರಿತು. ಮೂಲಪಾಠದಲ್ಲಿ ಪರರ ಹಕ್ಕಿಗೆ ಒಳಪಟ್ಟ ಭಾಗಗಳಿವೆಯೇ ಎಂದು ಸಾಲುಸಾಲಾಗಿ ಪರಿಶೋಧಿಸಬೇಕಾಯಿತು. ವರ್ತಕತಂತ್ರಾಂಶವನ್ನು ಬಿಚ್ಚುವಾಗ ಎಲ್ಲೆಡೆಯಲ್ಲೂ ಎದುರಾಗುವ ತೊಡಕು ಇದು. ಜಿಪಿಎಲ್ ಎಂಬ ಪರವಾನಗಿಯಡಿ ಪ್ರಕಟವಾದ ಈ ಪಾಠವು ೨೦೦೨ರಲ್ಲಿ ಲಿನಕ್ಸಿನ ಮುಖ್ಯಪಾಠದೊಳಗೇ ಸೇರಿತು. ೨೦೦೯ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ದಿವಾಳಿಯಾಯಿತು. ಆದರೂ ಎಕ್ಸ್‌ಎಫ್‌ಎಸ್‌ಗೆ ಕುಂದುಬರಲಿಲ್ಲ; ೨೦೧೪ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ತನ್ನ ಲಿನಕ್ಸ್ ಆವೃತ್ತಿಗೆ ಅದನ್ನೇ ಮೂಲಕಡತವ್ಯವಸ್ಥೆಯನ್ನಾಗಿ ಆರಿಸಿಕೊಂಡಿತು. ಹೆತ್ತ ಸಂಸ್ಥೆ ಅಳಿದರೂ ಕೂಸು ಬೆಳೆಯಿತು.

ಎರಡನೆಯದು ಝಡ್‌ಎಫ್‌ಎಸ್. ಸನ್ ಸಂಸ್ಥೆಯಲ್ಲಿ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಆರೆನ್ಸ್ ಮೊದಲಾದವರು ನಿರ್ಮಿಸಿದ ಇದರ ಪಾಠವು ೨೦೦೫ರಲ್ಲಿ ಪ್ರಕಟವಾಯಿತು. ಸನ್ ಸಂಸ್ಥೆಯು ಬಳಸಿದ ಪರವಾನಗಿಯು ಸಿಡಿಡಿಎಲ್ ಎಂಬುದು. ಇದರ ಪ್ರಕಾರ, ಪ್ರಕಟವಾದ ಕಡತವನ್ನು ತಿದ್ದಿ ಹಂಚುವವನು ಆ ಕಡತದ ಪಾಠವನ್ನು ತೋರಿಸಬೇಕು. ಅದರೊಡನೆ ಕೂಡಿಸಿದ ತನ್ನ ಬೇರೆ ಕಡತಗಳನ್ನು ಮುಚ್ಚಿಟ್ಟುಕೊಳ್ಳಬಹುದು. ಜಿಪಿಎಲ್ ಆದರೋ ಕೂಡಿಸಿದ ಕೃತಿಯೆಲ್ಲವೂ ತನ್ನ ನಿಯಮಕ್ಕೇ ಒಳಪಡಬೇಕೆನ್ನುತ್ತದೆ. ಇವೆರಡೂ ಒಂದಕ್ಕೊಂದು ಹೊಂದವೆಂದು ಜಿಪಿಎಲ್‌ನ ಕರ್ತೃವಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಮತ. ಆದಕಾರಣ ಝಡ್‌ಎಫ್‌ಎಸ್ ಲಿನಕ್ಸಿನ ಮುಖ್ಯಪಾಠಕ್ಕೆ ಸೇರದೆ ಹೊರಗಿನಿಂದಲೇ ಜೋಡಣೆಯಾಗುತ್ತಿದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಶಾಲೆಯವರು ಈ ಜೋಡಣೆಯಲ್ಲಿ ಬಹಳ ದುಡಿದರು.

೨೦೧೦ರ ತರುವಾಯ ಝಡ್‌ಎಫ್‌ಎಸ್ ಎರಡು ಕವಲಾಯಿತು. ಒರಾಕಲ್‌ನ ಕವಲು ಮುಚ್ಚಿಹೋಯಿತು. ಇನ್ನೊಂದನ್ನು ಇಲ್ಲುಮೋಸ್ ಮೊದಲಾದ ಸಮೂಹಗಳು ಮುಂದುವರಿಸಿ, ೨೦೧೩ರಲ್ಲಿ ಓಪನ್‌ಝಡ್‌ಎಫ್‌ಎಸ್ ಎಂಬ ಹೆಸರಿನಲ್ಲಿ ಒಂದುಗೂಡಿದವು. ಡಿಸ್ಕಿನ ಮೇಲಣ ಬರವಣಿಗೆಯ ಕ್ರಮವು ೨೮ನೆಯ ಆವೃತ್ತಿಯವರೆಗೆ ಎರಡಕ್ಕೂ ಸಮಾನ; ಅಲ್ಲಿಂದ ಮುಂದೆ ಒರಾಕಲ್ ಬರೆದುದನ್ನು ಮುಕ್ತ ಕವಲು ಓದಲಾರದು. ಹೆಸರು ಒಂದೇ ಆಗಿದ್ದರೂ ಲಿಪಿ ಬೇರೆಯಾಯಿತೆನ್ನಬಹುದು.

ಹೀಗಾಗಲು ಕಾರಣವೇನು? ಪರವಾನಗಿಯು ಕಟ್ಟುವುದು ಪಾಠವನ್ನು ಪಡೆದವರನ್ನು. ಪಾಠದ ಪೂರ್ಣ ಒಡೆಯನನ್ನಲ್ಲ. ಓಪನ್‌ಸೋಲಾರಿಸ್‌ಗೆ ಹೊರಗಿನವರು ಕೊಟ್ಟ ತಿದ್ದುಪಡಿಗಳ ಹಕ್ಕಿನಲ್ಲೂ ಸನ್ ಸಂಸ್ಥೆಯು ಒಪ್ಪಂದದ ಮೂಲಕ ಪಾಲು ಪಡೆಯುತ್ತಿದ್ದಿತು. ಆ ಹಕ್ಕು ಒರಾಕಲ್ ಸಂಸ್ಥೆಗೆ ಇಳಿಯಿತು. ಲಿನಕ್ಸಿನ ಪಾಠದಲ್ಲಾದರೋ ಸಾವಿರಾರು ಮಂದಿ ಬರೆದವರ ಹಕ್ಕುಗಳು ಅವರವರಲ್ಲೇ ಉಳಿದಿರುವುದರಿಂದ, ಒಬ್ಬನೇ ಅದನ್ನು ಮುಚ್ಚಲಾರನು.

೫

ಮೇಲಿನ ಮೂರು ಚರಿತ್ರೆಗಳಿಂದ ಹೊರಡುವ ಸಿದ್ಧಾಂತವು ಇದು: ಮೂಲಪಾಠದ ಪ್ರಕಟನೆಯು ಭಂಡಾರದ ರಕ್ಷಣೆಗೆ ಅವಶ್ಯಕ, ಆದರೆ ಅದೊಂದೇ ಸಾಲದು. ದಾಖಲೆಗಳನ್ನು ಐವತ್ತು ಅಥವಾ ನೂರು ವರ್ಷ ಕಾಪಾಡಬೇಕಾದ ಗ್ರಂಥಾಲಯ, ವಿಶ್ವವಿದ್ಯಾನಿಲಯ, ಸರ್ಕಾರದ ಇಲಾಖೆಗಳು ಸಂಗ್ರಹತಂತ್ರಾಂಶವನ್ನು ಆರಿಸುವಾಗ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಮೊದಲನೆಯದಾಗಿ, ಟೇಪಿನ ಅಥವಾ ಡಿಸ್ಕಿನ ಮೇಲಣ ಬರವಣಿಗೆಯ ಕ್ರಮವು ಬಹಿರಂಗವಾಗಿದೆಯೇ? ಸ್ಯಾಮ್ ಟಾರ್ ಕ್ರಮವನ್ನು ಅನುಸರಿಸಿದುದರ ಬೆಲೆ ಇಲ್ಲಿ ತಿಳಿಯುತ್ತದೆ. ಎರಡನೆಯದಾಗಿ, ಪರವಾನಗಿಯೂ ಹಕ್ಕುಗಳ ಹಂಚಿಕೆಯೂ ಎಂತಹವು? ಒಬ್ಬನೇ ಒಡೆಯನಿರುವಲ್ಲಿ ಇಂದಿನ ಪಾಠವು ಮುಕ್ತವಾಗಿದ್ದರೂ ನಾಳೆಯದು ಮುಚ್ಚಬಹುದು. ಮೂರನೆಯದಾಗಿ, ಆ ಪಾಠವನ್ನು ಬಲ್ಲವರೂ ತಿದ್ದುವವರೂ ಒಂದೇ ಸಂಸ್ಥೆಯ ಹೊರಗೆ ಇದ್ದಾರೆಯೇ? ಟೇಪುಭಂಡಾರವನ್ನು ನಡೆಸುವವರು ಎಲ್ಲೆಡೆಯಲ್ಲೂ ಕೆಲವರೇ. ಸಾಧಾರಣ ಡಿಸ್ಕುಗಳಿಗೆ ಒದಗುವ ಎಕ್ಸ್‌ಎಫ್‌ಎಸ್‌ಗೆ ದೊರೆತಷ್ಟು ಪಾಲಕರು ಸ್ಯಾಮ್-ಕ್ಯೂಎಫ್‌ಎಸ್‌ಗೆ ದೊರೆಯಲಿಲ್ಲ.

ಓಲೆಗರಿಯು ಉಳಿದುಬಂದುದು ಗರಿಯ ಗಟ್ಟಿತನದಿಂದಲ್ಲ, ತಲೆಮಾರು ತಲೆಮಾರಿಗೆ ಪ್ರತಿಮಾಡಿದವರ ಶ್ರಮದಿಂದ. ಪ್ರತಿಮಾಡುವ ಅಧಿಕಾರವೇ ಒಬ್ಬರ ವಶದಲ್ಲಿದ್ದಿದ್ದರೆ ಎಷ್ಟು ಗ್ರಂಥಗಳು ನಮಗೆ ದೊರೆಯುತ್ತಿದ್ದವೆಂಬುದನ್ನು ವಾಚಕರೇ ಊಹಿಸಬಹುದು. ಮುಕ್ತ ಮೂಲಪಾಠವು ಆ ಅಧಿಕಾರವನ್ನು ಎಲ್ಲರಿಗೂ ಕೊಡುತ್ತದೆ. ಪ್ರತಿಮಾಡುವ ಶ್ರಮವನ್ನು ಮಾತ್ರ ಭಂಡಾರವನ್ನು ನಂಬಿದವರೇ ವಹಿಸಿಕೊಳ್ಳಬೇಕು.