ಹೊಟ್ಟೆಹುಣ್ಣು: ಬ್ಯಾಕ್ಟೀರಿಯಾ ಒಂದೇ, ಫಲ ಬೇರೆ ಏಕೆ?

ಪ್ರಶ್ನೆ: ಹೆಲಿಕೊಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಹಲವರ ಹೊಟ್ಟೆಯಲ್ಲಿದ್ದರೂ ಕೆಲವರಿಗಷ್ಟೇ ಹುಣ್ಣಾಗುವುದೇಕೆ? – ಓದುಗರೊಬ್ಬರು, ಕಾರ್ಕಳ

ಉತ್ತರ: ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ತಂದುಕೊಟ್ಟ ಈ ಬ್ಯಾಕ್ಟೀರಿಯಾ, ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ತಯಾರಿಸಿ, ಸುತ್ತಲಿನ ಆಮ್ಲವನ್ನು ತಗ್ಗಿಸಿಕೊಂಡು ಜಠರದ ಲೋಳೆಪದರದಲ್ಲಿ ನೆಲೆಸುತ್ತದೆ. ಎಂಡೋಸ್ಕೋಪಿಯಲ್ಲಿ ತೆಗೆದ ಅಂಗಾಂಶದ ಚೂರನ್ನು ಯೂರಿಯಾ ಬೆರೆತ ಪರೀಕ್ಷಾ ದ್ರವ್ಯದಲ್ಲಿಟ್ಟಾಗ ಹಳದಿ ಬಣ್ಣ ಗುಲಾಬಿಗೆ ತಿರುಗುವುದು ಈ ಅಮೋನಿಯಾದಿಂದಲೇ.

ಆದರೆ ಹಾನಿಯ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ರೋಗಕಾರಕ ಜೀನ್‌ಗಳು. ಕೆಲವು ತಳಿಗಳಲ್ಲಷ್ಟೇ ಇರುವ ‘ಕ್ಯಾಗ್‌-ಎ’ ಜೀನ್‌ನ ಪ್ರೋಟೀನು ಸೂಜಿಯಂಥ ರಚನೆಯ ಮೂಲಕ ಜಠರದ ಜೀವಕೋಶದೊಳಗೆ ಸೇರಿ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ. ಈ ತಳಿಗಳು ಬಿಳಿ ರಕ್ತಕಣಗಳನ್ನು ಹೆಚ್ಚಾಗಿ ಸೆಳೆಯುವುದರಿಂದ ಉರಿಯೂತವೂ ಏರುತ್ತದೆ. ‘ವ್ಯಾಕ್‌-ಎ’ ಎಲ್ಲ ತಳಿಗಳಲ್ಲಿದ್ದರೂ, ಅದರ ಪ್ರಬಲ ರೂಪದಿಂದ ಹುಟ್ಟುವ ವಿಷವು ಕೋಶಗಳಲ್ಲಿ ಗುಳ್ಳೆಗಳನ್ನೆಬ್ಬಿಸಿ ಅವನ್ನು ಕೊಲ್ಲುತ್ತದೆ.

ಉಡುಪಿ, ಕಾಪು ಕಡೆಯ ಹಂಚಿನ ಮನೆಗಳ ಮೇಲೆ ಆಟಿಯ ಮಳೆ ಒಂದೇ ಸಮನೆ ಸುರಿದರೂ, ಹಂಚು ಜಾರಿದ ಮನೆಯ ಮಣ್ಣಿನ ಗೋಡೆ ಮಾತ್ರ ಕರಗುವಂತೆ, ಲೋಳೆಪದರ ಹಾಗೂ ಬೆಸುಗೆ ಹಾಳಾದಲ್ಲಿ ಮಾತ್ರ ಆಮ್ಲ ಒಳಗಿಳಿದು ಹುಣ್ಣಾಗುತ್ತದೆ. ಆದ್ದರಿಂದಲೇ ವೈದ್ಯರು ಆಮ್ಲ ತಗ್ಗಿಸುವ ಔಷಧದೊಂದಿಗೆ ಆ್ಯಂಟಿಬಯಾಟಿಕ್‌ಗಳನ್ನೂ ಸೇರಿಸಿ, ಸಾಮಾನ್ಯವಾಗಿ 14 ದಿನಗಳ ಚಿಕಿತ್ಸೆ ನೀಡುತ್ತಾರೆ.